ಗಡಿ ದಾಟಿ ಸಂವಹನ ಓದುವವರಿಗೆ: ಕಾಸರಗೋಡಿನ ಪದವೀಧರರಿಗೊಂದು ಸಮಗ್ರ ಮಾರ್ಗದರ್ಶಿ

ಪದವಿಯಲ್ಲಿ ಒಳ್ಳೆಯ ಅಂಕವಿದ್ದೂ ಕಾಗದಪತ್ರದ ಗೋಜಲಿನಲ್ಲಿ ಎಂ.ಎ. ಸೀಟು ಕೈತಪ್ಪುವುದು ಗಡಿನಾಡಿನಲ್ಲಿ ಹೊಸತಲ್ಲ. ಓದಿದ್ದು ಕೇರಳದ ವಿಶ್ವವಿದ್ಯಾಲಯದಲ್ಲಿ, ಓದಬೇಕಿರುವುದು ಕರ್ನಾಟಕದಲ್ಲಿ. ಜಾತಿ ಪ್ರಮಾಣಪತ್ರ ವಿಲ್ಲೇಜ್ ಆಫೀಸಿನದ್ದು, ಅರ್ಜಿಯಲ್ಲಿ ಕೇಳುವುದು ಕರ್ನಾಟಕದ ಹಿಂದುಳಿದ ಪ್ರವರ್ಗ 2ಎಯೋ 3ಬಿಯೋ ಎಂದು. ಪತ್ರಿಕೋದ್ಯಮ ಅಥವಾ ಸಂವಹನದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂದಿರುವ ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲೂಕುಗಳ ವಿದ್ಯಾರ್ಥಿಗಳಿಗಾಗಿ, ಕೋರ್ಸಿನ ಆಯ್ಕೆಯಿಂದ ಹಿಡಿದು ಪ್ರಬಂಧ (ಡಿಸರ್ಟೇಶನ್) ಒಪ್ಪಿಸುವ ತನಕದ ಹಾದಿ ಇಲ್ಲಿದೆ. ಅರ್ಜಿಯ ಹೊತ್ತಿಗೆ ಕಾಡುವ ಗಡಿಯೇ ಪ್ರಬಂಧದ ಹೊತ್ತಿಗೆ ಬಂಡವಾಳವಾಗುತ್ತದೆ. ಹಾಗಾಗಿ ಆ ಭಾಗ ಇಲ್ಲಿ ಸ್ವಲ್ಪ ಉದ್ದವಾಗಿದೆ.

ಮೊದಲ ಹಂತ: ಕೋರ್ಸಿನ ಹೆಸರು ಬಿಡಿಸಿ ನೋಡುವುದು

ಎಂ.ಸಿ.ಜೆ. (ಮಾಸ್ಟರ್ ಆಫ್ ಕಮ್ಯುನಿಕೇಶನ್ ಆಂಡ್ ಜರ್ನಲಿಸಂ), ಎಂ.ಎ. ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ, ಎಂ.ಎ. ಸಂವಹನ, ಎಂ.ಎ. ಮೀಡಿಯಾ ಸ್ಟಡೀಸ್. ಹೆಸರು ಬೇರೆ ಬೇರೆಯಾದರೂ ಎಲ್ಲವೂ ನಾಲ್ಕು ಸೆಮಿಸ್ಟರಿನ ಪೂರ್ಣ ಸ್ನಾತಕೋತ್ತರ ಪದವಿಗಳು. ಒಳಗಿನ ತೂಕ ಮಾತ್ರ ಒಂದೊಂದು ಕಡೆ ಒಂದೊಂದು ಬಗೆ. ಹೆಸರು ನೋಡಿ ನಿರ್ಧರಿಸಬೇಡಿ, ಸಿಲೆಬಸ್ ಇಳಿಸಿಕೊಂಡು ಮೂರು ವಿಷಯ ಹುಡುಕಿ: ಸಂಶೋಧನಾ ವಿಧಾನಕ್ಕೆ ಎಷ್ಟು ಕ್ರೆಡಿಟ್, ಪ್ರಬಂಧ ಕಡ್ಡಾಯವೋ ಐಚ್ಛಿಕವೋ, ಪ್ರಾಯೋಗಿಕ ಪಾಠಕ್ಕೆ ಸ್ಟುಡಿಯೊ ಮತ್ತು ಲ್ಯಾಬ್ ಪತ್ರಿಕೆ (ವಿದ್ಯಾರ್ಥಿಗಳೇ ಅಭ್ಯಾಸಕ್ಕೆ ಹೊರತರುವ ಪತ್ರಿಕೆ) ಇದೆಯೋ ಇಲ್ಲವೋ. ಪಾಠ ಹೇಳುವ ಅಥವಾ ಪಿಎಚ್.ಡಿ. ಮಾಡುವ ಯೋಚನೆ ಇದ್ದರೆ ಮೊದಲ ಎರಡು ಮುಖ್ಯ. ಸುದ್ದಿಮನೆಗೆ ಹೋಗುವವರಿಗೆ ಮೂರನೆಯದು.

ಸ್ನಾತಕೋತ್ತರ ಡಿಪ್ಲೊಮಾ ಬೇರೆಯೇ ಜಾತಿ. ಚೆನ್ನೈಯ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ, ಕೊಚ್ಚಿ ಕಾಕ್ಕನಾಡಿನ ಕೇರಳ ಮೀಡಿಯಾ ಅಕಾಡೆಮಿ ಮೊದಲಾದವು ಕೊಡುವುದು ಡಿಪ್ಲೊಮಾ. ಪತ್ರಿಕೆಗೆ ಸೇರಲು ಒಳ್ಳೆಯ ತರಬೇತಿ. ಆದರೆ ಅದರ ಮೇಲೆ ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್ ಬರೆಯಲಾಗದು, ಪಿಎಚ್.ಡಿ.ಗೂ ಸೇರಲಾಗದು. ನಾಲ್ಕೈದು ವರ್ಷ ಕೆಲಸ ಮಾಡಿ ಆಮೇಲೆ ಉಪನ್ಯಾಸಕರಾಗೋಣ ಎಂದುಕೊಂಡಾಗ ಈ ಕೊರತೆ ಎದ್ದು ಕಾಣುತ್ತದೆ.

ಕೇರಳದಲ್ಲಿ 2024-25ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಅದೇ ವರ್ಷ ಕರ್ನಾಟಕ ಮೂರು ವರ್ಷಕ್ಕೆ ಮರಳಿತು. ಕೇರಳದಲ್ಲಿ ಸೇರಿದವರು ಮೂರನೇ ವರ್ಷದ ಕೊನೆಗೆ ಪದವಿ ಪಡೆದು ಹೊರಬರಬಹುದು, ಎರಡು ವರ್ಷದ ಎಂ.ಎ.ಗೆ ಅಷ್ಟು ಸಾಕು. ನಾಲ್ಕನೇ ವರ್ಷ ಮುಗಿಸಿದವರಿಗೆ ಒಂದೇ ವರ್ಷದ ಎಂ.ಎ. ಎಂದು ಯುಜಿಸಿ ಚೌಕಟ್ಟು ಹೇಳುತ್ತದಾದರೂ ಅಂಥ ಕೋರ್ಸು ಎಲ್ಲ ವಿ.ವಿ.ಗಳಲ್ಲಿ ಇಲ್ಲ. ನೀವು ಸೇರಲಿರುವ ವಿಭಾಗದಲ್ಲಿ ಅದು ಇದೆಯೇ ಎಂದು ಕೇಳಿಕೊಂಡೇ ನಾಲ್ಕನೇ ವರ್ಷದ ಆನರ್ಸ್‌ಗೆ ನಿಲ್ಲಿ.

ಎರಡನೇ ಹಂತ: ಎಲ್ಲಿ ಓದುವುದು

ಮನೆಯಿಂದ ಹೋಗಿಬರುವವರಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವೇ ಹತ್ತಿರ. ಮಂಗಳೂರು ಪೇಟೆಯವರೆಗೆ ಹೋಗಬೇಕಿಲ್ಲ. ಬಸ್ಸಿನಲ್ಲಾದರೆ ತಲಪಾಡಿ ದಾಟಿ ತೊಕ್ಕೊಟ್ಟಿನಲ್ಲಿ ಇಳಿದು ದೇರಳಕಟ್ಟೆ, ಮುಡಿಪು ಕಡೆಯ ಬಸ್ಸು ಹಿಡಿಯಿರಿ. ರೈಲಾದರೆ ಪ್ಯಾಸೆಂಜರಿನಲ್ಲಿ ಉಳ್ಳಾಲ. ಎಕ್ಸ್‌ಪ್ರೆಸ್‌ಗಳನ್ನು ಅಲ್ಲಿಗೆ ನೆಚ್ಚಿಕೊಳ್ಳಬೇಡಿ. ಕುಂಬಳೆ, ಉಪ್ಪಳ, ಮಂಜೇಶ್ವರದವರಿಗೆ ಇದು ದಿನವೂ ಸಾಧ್ಯ. ಕಾಞಂಗಾಡಿನಿಂದಾದರೆ ಎರಡೇ ವಾರದಲ್ಲಿ ಸುಸ್ತಾಗುತ್ತದೆ, ಹಾಸ್ಟೆಲ್ಲೇ ಮೇಲು.

ಕರಾವಳಿಯಲ್ಲೇ ಮಂಗಳೂರಿನ ಸಂತ ಅಲೋಶಿಯಸ್, ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್, ಮಣಿಪಾಲ ಇವೆ. ತೆಂಕಣಕ್ಕೆ ಕಣ್ಣೂರು, ಕಲ್ಲಿಕೋಟೆ ವಿ.ವಿ.ಗಳು. ಘಟ್ಟದ ಮೇಲೆ ಮೈಸೂರಿನಲ್ಲಿ ಪತ್ರಿಕೋದ್ಯಮದ ಪಾಠ 1951ರಷ್ಟು ಹಿಂದೆಯೇ ಮಹಾರಾಜ ಕಾಲೇಜಿನಲ್ಲಿ ಶುರುವಾಗಿತ್ತು. ಹಳೆಯ ವಿಭಾಗದ ಗ್ರಂಥಾಲಯಕ್ಕೆ ಒಂದು ಬೆಲೆ ಇದ್ದೇ ಇದೆ. ಸಂಶೋಧನೆಯತ್ತ ಒಲವಿದ್ದವರು ಹೈದರಾಬಾದ್ ಕೇಂದ್ರೀಯ ವಿ.ವಿ., ಪುದುಚೇರಿ ವಿ.ವಿ., ಕಲಬುರಗಿ ಬಳಿಯ ಕೇಂದ್ರೀಯ ವಿ.ವಿ.ಗಳನ್ನು ನೋಡಿ. ಸಿನಿಮಾ, ಸಾಕ್ಷ್ಯಚಿತ್ರ ಎಂದಾದರೆ ದೆಹಲಿ ಜಾಮಿಯಾದ ಸಮೂಹ ಸಂವಹನ ಸಂಶೋಧನಾ ಕೇಂದ್ರ.

ಒಂದೇ ಕಡೆಗೆ ಅರ್ಜಿ ಹಾಕಿ ಕೂರಬೇಡಿ. ಕೇಂದ್ರೀಯ ಒಂದು, ಕರ್ನಾಟಕದ ಎರಡು, ಕೇರಳದ ಒಂದು. ಇಷ್ಟಾದರೂ ಇರಲಿ.

ಮೂರನೇ ಹಂತ: ಕಾಗದಪತ್ರ

ಕೊನೆಯ ಸೆಮಿಸ್ಟರ್ ಶುರುವಾಗುವ ಮೊದಲೇ ಈ ಕೆಲಸಕ್ಕೆ ಕೈಹಾಕಿ.

ಹೆಸರಿನಿಂದ ಆರಂಭಿಸಿ. ಎಸ್ಸೆಸ್ಸೆಲ್ಸಿ ಬುಕ್ಕಿನಲ್ಲಿ ಹೆಸರಿನ ಮುಂದೆ ಇನಿಷಿಯಲ್, ಆಧಾರಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ತಂದೆಯ ಹೆಸರು ಅಥವಾ ಮನೆಹೆಸರು, ಪದವಿ ಅಂಕಪಟ್ಟಿಯಲ್ಲಿ ಇನ್ನೊಂದು ಕಾಗುಣಿತ. ‘ಭಟ್’ ಒಂದು ಕಡೆ ಒಂದು ‘ಟಿ’, ಇನ್ನೊಂದು ಕಡೆ ಎರಡು. ಮನುಷ್ಯರ ಕಣ್ಣಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಇಬ್ಬರು. ಅರ್ಜಿ ತುಂಬುವಾಗ ಎಸ್ಸೆಸ್ಸೆಲ್ಸಿ ಬುಕ್ಕಿನಲ್ಲಿ ಇದ್ದಂತೆಯೇ ಬರೆಯಿರಿ, ಸಾಧ್ಯವಾದರೆ ಆಧಾರನ್ನು ಅದಕ್ಕೆ ಹೊಂದಿಸಿ. ಹೊಂದಿಸಲು ಸಮಯವಿಲ್ಲದಿದ್ದರೆ ಅಕ್ಷಯ ಕೇಂದ್ರದ ಮೂಲಕ ‘ಒನ್ ಆಂಡ್ ಸೇಮ್’ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಎರಡು ಹೆಸರಿನವರೂ ಒಬ್ಬರೇ ಎಂದು ಕಂದಾಯ ಇಲಾಖೆ ಬರೆದುಕೊಡುವ ಕಾಗದ ಅದು.

ಆಮೇಲೆ ಮೈಗ್ರೇಶನ್. ಕಣ್ಣೂರು ವಿ.ವಿ.ಯಲ್ಲಿ ಓದಿ ಕರ್ನಾಟಕದ ವಿ.ವಿ.ಗೆ ಹೋಗುವವರು ಮೈಗ್ರೇಶನ್ ಸರ್ಟಿಫಿಕೇಟ್ ತೆಗೆಯಲೇಬೇಕು. ಹೊಸ ವಿ.ವಿ.ಯಿಂದ ಎಲಿಜಿಬಿಲಿಟಿ ಸರ್ಟಿಫಿಕೇಟ್ ಕೂಡ ಬೇಕಾಗುತ್ತದೆ, ನಿಮ್ಮ ಪದವಿಯನ್ನು ತಾವು ಒಪ್ಪಿದ್ದೇವೆ ಎಂಬ ಕಾಗದ. ತಾತ್ಕಾಲಿಕ ಪ್ರವೇಶ ಕೊಟ್ಟು ಇವನ್ನು ಆಮೇಲೆ ತನ್ನಿ ಎನ್ನುತ್ತಾರೆ. ತರದೆ ಮರೆತವರಿಗೆ ಮೊದಲ ಸೆಮಿಸ್ಟರ್ ಪರೀಕ್ಷೆಯ ಹಾಲ್ ಟಿಕೆಟ್ ಹೊತ್ತಿಗೆ ನೆನಪಾಗುತ್ತದೆ. ಮೈಗ್ರೇಶನ್ ಒಮ್ಮೆ ತೆಗೆದರೆ ಹಳೆಯ ವಿ.ವಿ.ಯ ನಂಟು ಕಡಿದಂತೆ. ಆದ್ದರಿಂದ ಕಣ್ಣೂರಿಗೂ ಅರ್ಜಿ ಹಾಕಿದ್ದರೆ ಸೀಟು ಖಚಿತವಾಗುವವರೆಗೆ ತೆಗೆಯಬೇಡಿ.

ಕೇರಳದ ಅಂಕಪಟ್ಟಿಯಲ್ಲಿ ಗ್ರೇಡ್ ಪಾಯಿಂಟ್, ಕರ್ನಾಟಕದ ಅರ್ಜಿಯಲ್ಲಿ ಶೇಕಡಾ. ಸೂತ್ರ ನೋಡದೆ ಪಾಯಿಂಟನ್ನು ಹತ್ತರಿಂದ ಗುಣಿಸಿ ತುಂಬುವುದು ಸಾಮಾನ್ಯ ತಪ್ಪು. ಪರಿವರ್ತನೆಯ ಸೂತ್ರ ಅಂಕಪಟ್ಟಿಯ ಹಿಂಬದಿಯಲ್ಲೋ ವಿ.ವಿ. ಆದೇಶದಲ್ಲೋ ಇರುತ್ತದೆ. ಅದರ ಪ್ರತಿಯನ್ನೇ ಲಗತ್ತಿಸಿ.

ಮೀಸಲಾತಿಯ ವಿಷಯದಲ್ಲಿ ಹುಸಿ ಆಸೆ ಬೇಡ. ಕೇರಳದಲ್ಲಿ ಕೊಟ್ಟ ಹಿಂದುಳಿದ ವರ್ಗದ ಪತ್ರಕ್ಕೆ ಕರ್ನಾಟಕದ ಪ್ರವರ್ಗಗಳಲ್ಲಿ ಜಾಗವಿಲ್ಲ. ಕೇಂದ್ರೀಯ ವಿ.ವಿ.ಗಳಲ್ಲಿ ನಡೆಯುತ್ತದೆ, ಆದರೆ ಕೇಂದ್ರದ ನಮೂನೆಯ ನಾನ್-ಕ್ರೀಮಿಲೇಯರ್ ಪತ್ರವೇ (ಕುಟುಂಬ ‘ಕೆನೆಪದರ’ಕ್ಕೆ ಸೇರಿಲ್ಲ ಎಂಬ ಪತ್ರ) ಬೇಕು, ಅದೂ ಆ ಹಣಕಾಸು ವರ್ಷದ್ದು. ಮಾರ್ಚಿನಲ್ಲಿ ತೆಗೆದದ್ದನ್ನು ಜುಲೈಯಲ್ಲಿ ತೋರಿಸಿದರೆ ತಿರಸ್ಕರಿಸಬಹುದು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳವರಿಗೆ ಗಡಿನಾಡ ಕನ್ನಡಿಗರೆಂಬ ಅವಕಾಶವಿದೆ. ಎಂ.ಎ.ಗೆ ಆಯಾ ವಿ.ವಿ.ಯ ನಿಯಮವೇ ಅಂತಿಮ. ಹೇಗೂ ಇರಲಿ, ಒಂದರಿಂದ ಹತ್ತರ ತನಕ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಶಾಲೆಯಿಂದ ಪತ್ರ ಬರೆಸಿಟ್ಟುಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರ ಪೋಸ್ಟ್‌ಮೆಟ್ರಿಕ್ ವಿದ್ಯಾರ್ಥಿವೇತನ ತವರು ರಾಜ್ಯದ್ದು. ಮಂಗಳೂರಿನಲ್ಲಿ ಓದಿದರೂ ಅರ್ಜಿ ಕೇರಳಕ್ಕೆ.

ನಾಲ್ಕನೇ ಹಂತ: ಪ್ರವೇಶ ಪರೀಕ್ಷೆ ಮತ್ತು ಉದ್ದೇಶ ಪತ್ರ

ಕೇಂದ್ರೀಯ ವಿ.ವಿ.ಗಳಿಗೆ ಸಿಯುಇಟಿ-ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ. ಅರ್ಜಿ ಚಳಿಗಾಲದಲ್ಲೇ ಮುಗಿದುಹೋಗುತ್ತದೆ, ಪರೀಕ್ಷೆ ಮಾರ್ಚಿನ ಹೊತ್ತಿಗೆ. ಕರ್ನಾಟಕದ ವಿ.ವಿ.ಗಳ ಪ್ರಕಟಣೆಗೆ ಕಾಯುತ್ತ ಕುಳಿತವರಿಗೆ ಇದು ತಪ್ಪುತ್ತದೆ. 75 ಪ್ರಶ್ನೆ, 90 ನಿಮಿಷ, ಸರಿಗೆ 4, ತಪ್ಪಿಗೆ ಒಂದು ಕಳೆತ. ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ತಪ್ಪೆಂದು ಗೊತ್ತಿದ್ದರೆ ಊಹಿಸಿ ಬರೆಯುವುದರಲ್ಲಿ ಲಾಭವಿದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ಕನ್ನಡ ಮಾಧ್ಯಮದವರು ಕೊನೆಯ ಮೂರು ತಿಂಗಳು ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು 150 ಪದಕ್ಕೆ ಇಳಿಸಿ ಬರೆಯುವ ಅಭ್ಯಾಸ ಮಾಡಿದರೆ ವೇಗ ಬರುತ್ತದೆ.

ಉದ್ದೇಶ ಪತ್ರ ಕೇಳುವ ಕಡೆ ‘ಬಾಲ್ಯದಿಂದಲೂ ನನಗೆ ಮಾಧ್ಯಮದಲ್ಲಿ ಆಸಕ್ತಿ’ ಎಂದು ಶುರುಮಾಡಬೇಡಿ. ಓದುವವರು ಆ ದಿನ ಅದೇ ಸಾಲನ್ನು ಮೂವತ್ತು ಸಲ ಓದಿರುತ್ತಾರೆ. ನೀವು ಕಂಡದ್ದನ್ನು ಪ್ರಶ್ನೆಯಾಗಿ ಇಡಿ: ‘ನಮ್ಮ ವಾರ್ಡಿಗೆ ಪಂಚಾಯತು ನೋಟೀಸು ಮಲಯಾಳದಲ್ಲಿ ಬರುತ್ತದೆ. ಕನ್ನಡ ಮಾತ್ರ ಓದಬಲ್ಲ ಮನೆಗಳಿಗೆ ಅದನ್ನು ಓದಿ ಹೇಳುವವರು ಯಾರು? ಹೇಳುವಾಗ ಏನು ಬಿಡುತ್ತಾರೆ, ಏನು ಸೇರಿಸುತ್ತಾರೆ?’ ಸಂವಹನ ಸಂಶೋಧಕ ಲಾಜರ್ಸ್‌ಫೆಲ್ಡ್ 1940ರ ಅಮೆರಿಕ ಚುನಾವಣೆಯ ಅಧ್ಯಯನದಿಂದ ಕಂಡುಕೊಂಡ ಎರಡು ಹಂತದ ಹರಿವು ಇದೇ: ಮಾಧ್ಯಮದಿಂದ ಊರಿನ ಒಬ್ಬರಿಗೆ, ಅವರಿಂದ ಉಳಿದವರಿಗೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸುವ ಹಕ್ಕು ಕೊಟ್ಟಿದೆ ಎಂಬುದನ್ನೂ ಸೇರಿಸಿದರೆ ನಿಮ್ಮ ಪ್ರಶ್ನೆಗೆ ಬುಡ ಗಟ್ಟಿಯಾಗುತ್ತದೆ.

ಐದನೇ ಹಂತ: ಮೊದಲ ವರ್ಷ ದಾಟುವುದು

ಮೊದಲ ಸೆಮಿಸ್ಟರಿನಲ್ಲಿ ಮುಗ್ಗರಿಸುವುದು ಸಿದ್ಧಾಂತದಲ್ಲಿ. ಹೆಸರು ಮತ್ತು ಇಸವಿ ಬಾಯಿಪಾಠ ಮಾಡಿ ಉಪಯೋಗವಿಲ್ಲ. ಪ್ರತಿ ಸಿದ್ಧಾಂತಕ್ಕೂ ಒಂದು ಪುಟ ಇಡಿ: ಯಾವ ಪ್ರಶ್ನೆಗೆ ಉತ್ತರವಾಗಿ ಬಂತು, ಹೇಗೆ ಪರೀಕ್ಷಿಸಿದರು, ನಮ್ಮೂರಿನಲ್ಲಿ ನಿಲ್ಲುತ್ತದೆಯೇ. ಉದಾಹರಣೆಗೆ ಕಾರ್ಯಸೂಚಿ ನಿಗದಿ (ಅಜೆಂಡಾ ಸೆಟ್ಟಿಂಗ್), ಅಂದರೆ ಮಾಧ್ಯಮ ಎತ್ತಿ ತೋರಿದ ವಿಷಯವೇ ಜನರಿಗೂ ಮುಖ್ಯವಾಗುತ್ತದೆ ಎಂಬ ಸಿದ್ಧಾಂತ. ಮೆಕೂಂಬ್ಸ್ ಮತ್ತು ಶಾ 1968ರಲ್ಲಿ ಚಾಪೆಲ್ ಹಿಲ್‌ನ ಇನ್ನೂ ನಿರ್ಧರಿಸದ 100 ಮತದಾರರನ್ನು ಮಾತಾಡಿಸಿ, ಅವರು ಮುಖ್ಯವೆಂದ ವಿಷಯಗಳ ಸಾಲನ್ನೂ ಮಾಧ್ಯಮ ಎತ್ತಿ ತೋರಿದ ವಿಷಯಗಳ ಸಾಲನ್ನೂ ಹೋಲಿಸಿದರು. ಫಲಿತಾಂಶ ಪ್ರಕಟವಾದದ್ದು 1972ರಲ್ಲಿ. ಈಗ ಕಾಸರಗೋಡಿಗೆ ಬನ್ನಿ: ಬೆಳಗ್ಗೆ ಕನ್ನಡ ಪತ್ರಿಕೆ, ಸಂಜೆ ಮಲಯಾಳ ಚಾನೆಲ್ ನೋಡುವ ಮನೆಯ ಕಾರ್ಯಸೂಚಿ ಬೆಂಗಳೂರಿನದ್ದೋ ತಿರುವನಂತಪುರದ್ದೋ? ಇಂಥ ಒಂದು ಪ್ರಶ್ನೆ ಉತ್ತರಪತ್ರಿಕೆಯಲ್ಲಿ ಹತ್ತು ವ್ಯಾಖ್ಯಾನಗಳಿಗಿಂತ ಹೆಚ್ಚು ತೂಗುತ್ತದೆ.

ಪತ್ರಿಕೋದ್ಯಮ ಇತಿಹಾಸದ ಪಾಠವೂ ಮನೆಬಾಗಿಲಲ್ಲೇ ಇದೆ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತಂದರು. 1847ರ ಜೂನಿನಲ್ಲಿ ಅದೇ ಮಿಶನ್ನಿನ ಹರ್ಮನ್ ಗುಂಡರ್ಟ್ ತಲಶ್ಶೇರಿಯಿಂದ ‘ರಾಜ್ಯಸಮಾಚಾರಂ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಬಡಗಿನಲ್ಲಿ, ಮಲಯಾಳದ ಮೊದಲ ಪತ್ರಿಕೆ ತೆಂಕಿನಲ್ಲಿ, ನಡುವೆ ಕಾಸರಗೋಡು. ಎರಡನ್ನೂ ಮೂಲದಲ್ಲಿ ಓದಬಲ್ಲವರು ತರಗತಿಯಲ್ಲಿ ನೀವೊಬ್ಬರೇ ಇರಬಹುದು.

ಆರನೇ ಹಂತ: ಪ್ರಬಂಧ

‘ಸಾಮಾಜಿಕ ಜಾಲತಾಣಗಳ ಪರಿಣಾಮ’ ಎಂಬ ವಿಷಯ ಆರಿಸಿ ಕಾಲೇಜಿನ ನೂರು ಮಂದಿಗೆ ಗೂಗಲ್ ಫಾರ್ಮ್ ಕಳುಹಿಸುವ ಪ್ರಬಂಧಗಳು ಪ್ರತಿ ವಿಭಾಗದ ಕಪಾಟಿನಲ್ಲೂ ಸಾಲಾಗಿವೆ. ಅದರ ಬದಲಿಗೆ ಎರಡು ಭಾಷೆಯ ಪತ್ರಿಕೆಗಳ ಹೋಲಿಕೆಯನ್ನು ಒಂದು ಮಾದರಿಯಾಗಿ ನೋಡೋಣ. ವಿಷಯ: ಎಂಡೋಸಲ್ಫಾನ್ ಕೀಟನಾಶಕದ ನಿಷೇಧದ ಸುದ್ದಿಯನ್ನು ಒಂದು ಕನ್ನಡ ದಿನಪತ್ರಿಕೆ ಮತ್ತು ಒಂದು ಮಲಯಾಳ ದಿನಪತ್ರಿಕೆ ಹೇಗೆ ಕೊಟ್ಟವು.

ಯಾವ ದಿನಗಳ ಸಂಚಿಕೆ? ಪಠ್ಯದಲ್ಲಿ ಕಲಿಸುವುದು ‘ಕಟ್ಟಿದ ವಾರ’ದ ವಿಧಾನ. ವರ್ಷದ ಎಲ್ಲ ಸೋಮವಾರಗಳಿಂದ ಚೀಟಿ ಎತ್ತಿ ಎರಡು, ಮಂಗಳವಾರಗಳಿಂದ ಎರಡು, ಹೀಗೆ 14 ಸಂಚಿಕೆ. ದಿನಪತ್ರಿಕೆಯ ಒಂದು ವರ್ಷಕ್ಕೆ ಇಂಥ ಎರಡು ವಾರ ಸಾಕೆಂದು 1993ರಲ್ಲಿ ರಿಫ್, ಆಸ್ಟ್, ಲೇಸಿ ತೋರಿಸಿದರು. ಆದರೆ ಅದು ದಿನವೂ ಬರುವ ಮಾಮೂಲಿ ಸುದ್ದಿಗೆ. ಎಂಡೋಸಲ್ಫಾನ್ ಸುದ್ದಿ ಗುಂಪುಗುಂಪಾಗಿ ಬರುತ್ತದೆ. 2011ರ ಏಪ್ರಿಲಿನಲ್ಲಿ ಅಪಾಯಕಾರಿ ರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ಸಭೆ, ಮೇ 13ಕ್ಕೆ ಸುಪ್ರೀಂ ಕೋರ್ಟಿನ ಮಧ್ಯಂತರ ನಿಷೇಧ. ಕಟ್ಟಿದ ವಾರ ಹಿಡಿದರೆ ನಿಮ್ಮ ಬಲೆಗೆ ಮೀನೇ ಬೀಳದೆ ಹೋದೀತು. ಇಲ್ಲಿ ಏಪ್ರಿಲ್ 1ರಿಂದ ಮೇ 31ರ ತನಕದ 61 ದಿನವನ್ನೂ ತೆಗೆದುಕೊಳ್ಳಿ. ಎರಡು ಪತ್ರಿಕೆಗೆ 122 ಸಂಚಿಕೆ, ಒಬ್ಬರಿಗೆ ಒಂದು ಸೆಮಿಸ್ಟರಿನಲ್ಲಿ ಆಗುವ ಕೆಲಸ. ಅಷ್ಟು ಹಳೆಯ ಸಂಚಿಕೆ ಇ-ಪೇಪರಿನಲ್ಲಿ ಸಿಗುವ ಭರವಸೆ ಬೇಡ. ಗ್ರಂಥಾಲಯದ ಬೈಂಡು ಮಾಡಿದ ಸಂಪುಟಗಳನ್ನೇ ನೋಡಬೇಕು, ಅದೂ ಕಾಸರಗೋಡು ಆವೃತ್ತಿಯದ್ದೋ ಮಂಗಳೂರಿನದ್ದೋ ಎಂದು ಗಮನಿಸಿ. ಆವೃತ್ತಿ ಬೆರೆತರೆ ಹೋಲಿಕೆಯೇ ಕೆಟ್ಟಿತು.

ಪ್ರತಿ ಸುದ್ದಿಗೆ ಕೋಡಿಂಗ್ ಹಾಳೆಯ (ಸುದ್ದಿಯ ವಿವರ ಗುರುತಿಸಿಡುವ ಪಟ್ಟಿ) ಒಂದು ಸಾಲು: ತಾರೀಕು, ಪುಟ, ಕಾಲಂ-ಸೆಂಟಿಮೀಟರಿನಲ್ಲಿ ಗಾತ್ರ, ಚಿತ್ರ, ಮೊದಲು ಉಲ್ಲೇಖಿಸಿದ ಮೂಲ ಯಾರು (ಸರಕಾರ, ನ್ಯಾಯಾಲಯ, ಪ್ಲಾಂಟೇಶನ್ ಕಾರ್ಪೊರೇಶನ್, ವೈದ್ಯರು, ಹೋರಾಟಗಾರರು, ಬಾಧಿತರು), ಬಾಧಿತರನ್ನು ಕರೆದ ಪದ. ಕೊನೆಯದು ಈ ಅಧ್ಯಯನದ ಜೀವ. ಮಲಯಾಳದಲ್ಲಿ ‘ದುರಿತಬಾಧಿತರ್’, ಕನ್ನಡದಲ್ಲಿ ‘ಸಂತ್ರಸ್ತರು’, ‘ಪೀಡಿತರು’, ಕೆಲವೊಮ್ಮೆ ಬರೇ ‘ರೋಗಿಗಳು’. ರೋಗಿ ಎಂದರೆ ಆಸ್ಪತ್ರೆಯ ವಿಷಯ, ಸಂತ್ರಸ್ತ ಎಂದರೆ ಪರಿಹಾರದ ವಿಷಯ. ಕನ್ನಡ ಪತ್ರಿಕೆಯಲ್ಲಿ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಸುದ್ದಿಯೂ ಇರುತ್ತದೆ. ಕೇರಳದ ಸುದ್ದಿಯಿಂದ ಅದನ್ನು ಪ್ರತ್ಯೇಕಿಸಲು ‘ಸ್ಥಳ’ ಎಂಬ ಕಾಲಂ ಮರೆಯಬೇಡಿ.

ಇನ್ನು ಇಬ್ಬರು ಕೋಡರುಗಳ, ಅಂದರೆ ಹಾಳೆ ತುಂಬುವವರ, ಹೊಂದಾಣಿಕೆ. ಎರಡೂ ಭಾಷೆ ಬಲ್ಲ ಗೆಳೆಯರೊಬ್ಬರಿಗೆ 40 ಸುದ್ದಿ ಕೊಟ್ಟು ‘ಬಾಧಿತರ ಮಾತು ಇಲ್ಲ / ಇದೆ’ ಎಂದು ಗುರುತಿಸಲು ಹೇಳಿ. 34ರಲ್ಲಿ ಇಬ್ಬರೂ ‘ಇಲ್ಲ’, 2ರಲ್ಲಿ ಇಬ್ಬರೂ ‘ಇದೆ’, ಉಳಿದ 4ರಲ್ಲಿ ಎರಡೆರಡು ಅತ್ತಿತ್ತ ಎಂದಿಟ್ಟುಕೊಳ್ಳಿ. ಒಪ್ಪಿಗೆ 40ರಲ್ಲಿ 36, ಶೇ. 90. ಹಿಗ್ಗಬೇಡಿ. ಇಬ್ಬರೂ ಶೇ. 90ರಷ್ಟು ಸಲ ‘ಇಲ್ಲ’ ಎಂದೇ ಬರೆದಿರುವುದರಿಂದ ಕಣ್ಣುಮುಚ್ಚಿ ಬರೆದರೂ 0.81 (0.9 × 0.9, ಇಬ್ಬರೂ ‘ಇಲ್ಲ’) + 0.01 (0.1 × 0.1, ಇಬ್ಬರೂ ‘ಇದೆ’), ಅಂದರೆ ಶೇ. 82 ಹೊಂದುತ್ತಿತ್ತು. ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಅಳೆಯುವ ಕೊಹೆನ್‌ನ ಕಪ್ಪಾ ಲೆಕ್ಕ ಹಾಕಿ: 0.90ರಿಂದ 0.82 ಕಳೆದು, ಉಳಿದದ್ದನ್ನು 0.18ರಿಂದ ಭಾಗಿಸಿದರೆ 0.44. ಇದು ಸಾಲದು, 0.80ರ ಹತ್ತಿರ ಬರಬೇಕು. ಜಗಳ ಬಂದ ಆ ನಾಲ್ಕು ಸುದ್ದಿಗಳನ್ನು ಎದುರಿಗಿಟ್ಟು ನೋಡಿ. ಬಾಧಿತರ ತಾಯಿಯ ಮಾತನ್ನು ಒಬ್ಬರು ಸೇರಿಸಿದ್ದಾರೆ, ಇನ್ನೊಬ್ಬರು ಬಿಟ್ಟಿದ್ದಾರೆ. ನಿಯಮವನ್ನು ಬರೆದು ಸ್ಪಷ್ಟಪಡಿಸಿ, ಹೊಸ 40 ಸುದ್ದಿಗಳಲ್ಲಿ ಮತ್ತೆ ಪರೀಕ್ಷಿಸಿ. ಹಳೆಯ 40ರಲ್ಲೇ ಮತ್ತೆ ನೋಡುವುದು ಕದ್ದು ಪಾಸಾದಂತೆ.

ಸಮೀಕ್ಷೆ ಮಾಡುವವರಿಗೆ ಗಡಿನಾಡಿನ ಎರಡು ಹೊಂಡಗಳಿವೆ. ‘ನೀವು ಯಾವ ಮಾಧ್ಯಮ ಬಳಸುತ್ತೀರಿ?’ ಎಂದು ಕೇಳಿದರೆ ಇಲ್ಲಿನವರು ‘ಕನ್ನಡ’ ಎನ್ನುತ್ತಾರೆ, ಶಾಲೆಯ ಮಾಧ್ಯಮವೇ ನಮಗೆ ಮೊದಲು ನೆನಪಾಗುವುದು. ಪತ್ರಿಕೆ, ಟಿ.ವಿ., ರೇಡಿಯೊ, ಮೊಬೈಲು ಎಂದು ಬಿಡಿಸಿಯೇ ಕೇಳಿ. ‘ಪ್ರಸಾರ’ ಇನ್ನೊಂದು. ಪತ್ರಿಕೆ ಎಷ್ಟು ಪ್ರತಿ ಹೋಗುತ್ತದೆ ಎಂಬುದಕ್ಕೂ ಅದೇ ಪದ, ಆಕಾಶವಾಣಿಯ ಕಾರ್ಯಕ್ರಮಕ್ಕೂ ಅದೇ. ಪ್ರಶ್ನಾವಳಿಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಕೊಡುವುದಾದರೆ ಒಬ್ಬರಿಂದ ಅನುವಾದ ಮಾಡಿಸಿ, ಮೂಲ ನೋಡದ ಇನ್ನೊಬ್ಬರಿಂದ ತಿರುಗಿ ಮಾಡಿಸಿ, 30 ಮಂದಿಯಲ್ಲಿ ಮೊದಲು ಪರೀಕ್ಷಿಸಿ. ತುಳು ಮನೆಗಳಲ್ಲಿ ಕಾಗದ ಕೈಗೆ ಕೊಡದೆ ಓದಿ ಕೇಳುವುದೇ ವಾಸಿ. ದೊಡ್ಡ ಜನಸಂಖ್ಯೆಗೆ ಶೇ. 95ರ ವಿಶ್ವಾಸ, ಹೆಚ್ಚುಕಮ್ಮಿ ಶೇ. 5ರ ದೋಷದ ಅಂತರ ಎಂದರೆ 385 ಮಂದಿ ಬೇಕು, ಅದೂ ಯಾದೃಚ್ಛಿಕವಾಗಿ ಆರಿಸಿದವರಾದರೆ ಮಾತ್ರ. ಪರಿಚಯದವರ 385 ಉತ್ತರಕ್ಕೆ ಆ ಲೆಕ್ಕ ಅನ್ವಯಿಸದು.

ಬರೆಯುವಾಗ ಮೊದಲ ದಿನದಿಂದಲೇ ಯೂನಿಕೋಡ್ ಬಳಸಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಿಸಿದ್ದು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರ. ಹುಡುಕಲಾಗದು, ಕೃತಿಚೌರ್ಯ ತಪಾಸಣೆಯ ತಂತ್ರಾಂಶಕ್ಕೂ ಅರ್ಥವಾಗದು. ಕೊನೆಯ ವಾರ ಪರಿವರ್ತಿಸಲು ಹೊರಟರೆ ಒತ್ತಕ್ಷರ, ಅರ್ಕಾವತ್ತು ಚೆಲ್ಲಾಪಿಲ್ಲಿಯಾಗುತ್ತವೆ. ಯುಜಿಸಿಯ 2018ರ ನಿಯಮದಂತೆ ಶೇ. 10ರ ತನಕದ ಹೋಲಿಕೆಗೆ ದಂಡವಿಲ್ಲ. 10ರಿಂದ 40ರ ನಡುವೆ ಬಂದರೆ ತಿದ್ದಿ ಮತ್ತೆ ಒಪ್ಪಿಸಬೇಕು.

ಏಳನೇ ಹಂತ: ನೆಟ್, ಸೆಟ್, ಮುಂದೆ

ಎಂ.ಎ. ಕೊನೆಯ ವರ್ಷದಲ್ಲಿರುವಾಗಲೇ ನೆಟ್ ಬರೆಯಬಹುದು. ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದ ವಿಷಯ ಸಂಖ್ಯೆ 63. ಮೊದಲ ಪತ್ರಿಕೆ 50, ಎರಡನೆಯದು 100 ಪ್ರಶ್ನೆ, ಒಟ್ಟು ಮೂರು ಗಂಟೆ. ತಪ್ಪಿಗೆ ಕಳೆತ ಇಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಎಂ.ಎ.ಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55 ಬೇಕು. 54.9 ಅನ್ನು 55 ಮಾಡಿಕೊಡುವುದಿಲ್ಲ. 2024ರ ಜೂನ್ ಸುತ್ತಿನಿಂದ ನೆಟ್ ಅಂಕವನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸುತ್ತಾರೆ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಗದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಆ ಅಂಕದ ಆಯುಸ್ಸು ಒಂದು ವರ್ಷ.

‘ಸೆಟ್’ ಎಂಬ ಹೆಸರಿನಲ್ಲಿ ಗಡಿಯಲ್ಲಿ ದೊಡ್ಡ ಗೊಂದಲವಿದೆ. ಕರ್ನಾಟಕದ ಕೆ-ಸೆಟ್ ಕಾಲೇಜು ಉಪನ್ಯಾಸಕರಿಗೆ, ಅದೂ ಆ ರಾಜ್ಯದೊಳಗೆ. ಕೇರಳದ ಸೆಟ್ ಹೈಯರ್ ಸೆಕೆಂಡರಿ ಶಾಲೆಯ ಅಧ್ಯಾಪಕರಿಗೆ. ಒಂದನ್ನು ಪಾಸಾಗಿ ಇನ್ನೊಂದರ ಹುದ್ದೆಗೆ ಅರ್ಜಿ ಹಾಕಿದರೆ ಮೊದಲ ಸುತ್ತಿನಲ್ಲೇ ಹೊರಗೆ. ಕೇರಳದಲ್ಲೂ ಕರ್ನಾಟಕದಲ್ಲೂ ಬಾಗಿಲು ತೆರೆದಿರಬೇಕೆಂದರೆ ನೆಟ್ ಒಂದೇ ದಾರಿ.

ಕರ್ನಾಟಕದ ಎಂ.ಸಿ.ಜೆ. ಹಿಡಿದುಕೊಂಡು ಕೇರಳ ಪಿಎಸ್‌ಸಿಗೆ ಅರ್ಜಿ ಹಾಕುವವರಿಗೆ ಇನ್ನೊಂದು ಕಾಗದ ಬೇಕಾಗಬಹುದು, ತತ್ಸಮಾನ ಪ್ರಮಾಣಪತ್ರ. ನಿಮ್ಮ ಪದವಿ ಅಧಿಸೂಚನೆಯಲ್ಲಿ ಕೇಳಿದ ಎಂ.ಎ.ಗೆ ಸಮ ಎಂದು ಕೇರಳದ ಒಂದು ವಿ.ವಿ. ಬರೆದುಕೊಡಬೇಕು. ಅದಕ್ಕೆ ನಾಲ್ಕೂ ಸೆಮಿಸ್ಟರಿನ ಸಿಲೆಬಸ್ ಪ್ರತಿಗೆ ನಿಮ್ಮ ವಿ.ವಿ.ಯ ಮೊಹರು ಹಾಕಿಸಿ ಕೊಡಬೇಕಾಗುತ್ತದೆ. ಐದು ವರ್ಷ ಕಳೆದು ಹೋದರೆ ಸಿಲೆಬಸ್ ಬದಲಾಗಿ, ಹಳೆಯದನ್ನು ಹುಡುಕಿ ಕೊಡುವವರೂ ವರ್ಗವಾಗಿರುತ್ತಾರೆ. ಕೊನೆಯ ಅಂಕಪಟ್ಟಿ ಪಡೆಯಲು ಹೋದ ದಿನವೇ ಎರಡು ಪ್ರತಿ ಮೊಹರು ಹಾಕಿಸಿಕೊಂಡು ಬನ್ನಿ.